ಕುದುರೆಯ ಹಿಂಗಾಲಿಗೆ ಬಲ ಬರಿಸುವುದು ಹೇಗೆ?

ಪ್ರಶ್ನೆ: ನನ್ನ ಕುದುರೆಗೆ 9 ವರ್ಷ. ಬಹಳ ದಿನ ಕೆಲಸವಿಲ್ಲದೆ ನಿಂತಿದ್ದರಿಂದ ಹಿಂಭಾಗದ ಸ್ನಾಯು ಇಳಿದುಹೋಗಿದೆ. ಟ್ರಾಟ್‌ನಲ್ಲಿ (ನಡಿಗೆಗಿಂತ ಜೋರಾದ ಕುಲುಕು ಓಟದಲ್ಲಿ) ಮೈಭಾರವೆಲ್ಲ ಮುಂಗಾಲಿನ ಮೇಲೆ ಹಾಕುತ್ತದೆ. ಯಾವ ವ್ಯಾಯಾಮದಿಂದ ಶುರು ಮಾಡಲಿ?

ಉತ್ತರ: ಮೊದಲು ಪಶುವೈದ್ಯರಿಗೆ ತೋರಿಸಿ. ಒಂದೇ ಕಡೆ ಸ್ನಾಯು ಸೊರಗಿದ್ದರೆ ಅಲ್ಲಿ ನೋವಿರಬಹುದು, ನೋವಿಟ್ಟುಕೊಂಡು ದುಡಿಸಿದರೆ ಇನ್ನೂ ಹಾಳು.

ಉತ್ತರ: ನೋವಿಲ್ಲ ಅಂತಾದರೆ ದಿಬ್ಬ ಹತ್ತಿಸಿ, ಅದೂ ನಡಿಗೆಯಲ್ಲೇ. ಓಡಿಸಿದರೆ ಕುದುರೆ ವೇಗದ ಜೋರಿನಲ್ಲೇ ಹತ್ತಿಬಿಡುತ್ತದೆ, ನಿಧಾನಕ್ಕೆ ಹೋದಾಗ ಮಾತ್ರ ಹಿಂಗಾಲು ಹೊಟ್ಟೆಯ ಕೆಳಗೆ ಬಂದು ಪ್ರತಿ ಹೆಜ್ಜೆಗೂ ಮೈಯನ್ನು ಮೇಲಕ್ಕೆ ತಳ್ಳಬೇಕಾಗುತ್ತದೆ, ಅಲ್ವಾ? ಇಳಿಯುವಾಗಲೂ ಅವಸರ ಬೇಡ. ಮೊದಮೊದಲು ಸಣ್ಣ ಏರು ಸಾಕು.

ಉತ್ತರ: ದಿಬ್ಬ ಇಲ್ಲದಿದ್ದರೆ ನೆಲದ ಮೇಲೆ ಮರದ ಗಳ ಹಾಕಿ ದಾಟಿಸಿ. ನಡಿಗೆಗೆ ಸುಮಾರು 80–90 ಸೆಂಟಿಮೀಟರ್, ಟ್ರಾಟ್‌ಗೆ ಸುಮಾರು 1.3 ಮೀಟರ್ ಅಂತರವಿಡಿ, ಆಮೇಲೆ ನಿಮ್ಮ ಕುದುರೆಯ ಹೆಜ್ಜೆ ನೋಡಿ ಸರಿಮಾಡಿಕೊಳ್ಳಿ. ನಾಲ್ಕೈದು ಹೆಜ್ಜೆ ಹಿಂದಕ್ಕೆ ನಡೆಸುವುದೂ ಒಳ್ಳೆಯದು. ಆದರೆ ಲಗಾಮು ಜಗ್ಗಬೇಡಿ, ಜಗ್ಗಿದರೆ ತಲೆ ಎತ್ತಿ ಬೆನ್ನು ತಗ್ಗಿಸಿಬಿಡುತ್ತದೆ, ಆಗ ಹಿಂಭಾಗಕ್ಕೆ ಏನೂ ಲಾಭವಿಲ್ಲ. ಸುಸ್ತಾಗಿ ಗೊರಸು ಎಳೆಯುವ ಮೊದಲೇ ನಿಲ್ಲಿಸಿ. ಸ್ನಾಯು ತುಂಬಲು ತಿಂಗಳುಗಳೇ ಬೇಕು.