‘ಹ್ಯೂಮೇನ್ ಎಂಡ್‌ಪಾಯಿಂಟ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ, ಸ್ವಲ್ಪ ಬೇಗನೇ ಬೇಕಾಗಿದೆ. ನಾನು ಪಶುವೈದ್ಯೆ, ಆದ್ರೆ ದನ ಕುರಿ ನೋಡೋಳಲ್ಲ, ಬೆಂಗಳೂರಲ್ಲಿ ಒಂದು ಲ್ಯಾಬಿನ ಅನಿಮಲ್ ಹೌಸ್‌ನಲ್ಲಿ ಇಲಿ, ಮೊಲ, ಗಿನಿಪಿಗ್ ಇವುಗಳ ಆರೋಗ್ಯ ನೋಡ್ಕೊಳ್ಳೋದು ನನ್ನ ಕೆಲಸ. ದಿನಾ ಪಂಜರ ಕ್ಲೀನ್ ಮಾಡಿ ನೀರು ಕಾಳು ಹಾಕೋ ಅಟೆಂಡರ್‌ಗಳಿಗೆ ಕನ್ನಡದಲ್ಲಿ ಒಂದು ಚಾರ್ಟ್ ಬರೀಬೇಕು.

ಹೋದ ವರ್ಷ ಒಂದು ಸಲ ಬರೆದಿದ್ದೆ. ‘ಹ್ಯೂಮೇನ್ ಎಂಡ್‌ಪಾಯಿಂಟ್’, ಅಂದ್ರೆ ಪ್ರಯೋಗದ ಪ್ರಾಣಿಗೆ ನೋವು ಇಷ್ಟಾದ್ರೆ ನಿಲ್ಲಿಸ್ಬೇಕು ಅನ್ನೋ ಮಿತಿ, ಅನ್ನೋದನ್ನ ನಿಘಂಟು ನೋಡಿ ‘ಮಾನವೀಯ ಅಂತ್ಯಬಿಂದು’ ಅಂತ ಮಾಡಿ, ‘ಮಾನವೀಯ ಅಂತ್ಯಬಿಂದು ತಲುಪಿದ ಕೂಡಲೇ ವೈದ್ಯರಿಗೆ ತಿಳಿಸಿ’ ಅಂತ ಗೋಡೆಗೆ ಅಂಟಿಸಿದ್ದೆ. ಒಂದು ಭಾನುವಾರ ಸಂಜೆಯಿಂದ ಒಂದು ಇಲಿ ಬೆನ್ನು ಗೂನು ಮಾಡ್ಕೊಂಡು ಮೂಲೇಲಿ ಮುದುರಿ ಕೂತಿತ್ತಂತೆ, ಮೈಕೂದಲು ಕೆದರಿ, ಕಣ್ಣು ಅರೆ ಮುಚ್ಚಿ, ಗೂಡಿಗೆ ಅಂತ ಹಾಕಿದ್ದ ಕಾಗದದ ಚೂರನ್ನ ಮುಟ್ಟಿರ್ಲಿಲ್ಲ. ನಮ್ಮ ಹಿರಿಯ ಅಟೆಂಡರ್ ಒಬ್ರು, ಮಾಗಡಿ ಕಡೆಯವ್ರು, ಅದನ್ನ ನೋಡಿದ್ರು, ನಾಲ್ಕು ಸಲ ಹೋಗಿ ನೋಡಿದ್ರು, ಫೋನ್ ಮಾತ್ರ ಮಾಡ್ಲಿಲ್ಲ. ಬೆಳಿಗ್ಗೆ ಕೇಳಿದ್ರೆ, ‘ಅಂತ್ಯ ಆದ್ಮೇಲೆ ತಿಳಿಸ್ಬೇಕು ಅಂತಲ್ವಾ ಮೇಡಂ ಬರ್ದಿರೋದು, ಅದಿನ್ನೂ ಉಸಿರಾಡ್ತಿತ್ತು.’ ಅವರು ಓದಿದ್ದು ಸರಿಯಾಗೇ ಇತ್ತು. ಕನ್ನಡದಲ್ಲಿ ಅಂತ್ಯ ಅಂದ್ರೆ ಸಾವೇ. ತಪ್ಪು ನನ್ನ ಪದದ್ದು, ಅದಕ್ಕೆ ಆ ಜೀವ ಇಡೀ ರಾತ್ರಿ ನರಳಿತು. ಅವತ್ತೇ ಚಾರ್ಟ್ ಕಿತ್ತುಹಾಕ್ದೆ.

ಅರ್ಥ ಬಿಡಿಸಿ ಹೇಳ್ತೀನಿ, ಪದ ಹುಡುಕೋಕೆ ಅನುಕೂಲ ಆಗುತ್ತೆ. 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಅನ್ನೋ ಇಬ್ರು ವಿಜ್ಞಾನಿಗಳು ಮೂರು ಸೂತ್ರ ಕೊಟ್ರು: ಆದಷ್ಟೂ ಪ್ರಾಣಿ ಬದಲು ಬೇರೇನಾದ್ರೂ ಬಳಸಿ, ಬಳಸಲೇಬೇಕಾದ್ರೆ ಕಮ್ಮಿ ಬಳಸಿ, ಬಳಸಿದ್ದಕ್ಕೆ ನೋವು ಕಮ್ಮಿ ಮಾಡಿ. ಈ ಮೂರನೇದಕ್ಕೆ ಸೇರಿದ್ದು ಎಂಡ್‌ಪಾಯಿಂಟ್. ಪ್ರಯೋಗ ಶುರು ಆಗೋಕೆ ಮುಂಚೇನೇ ‘ಇಷ್ಟಾದ್ರೆ ನಿಲ್ಲಿಸ್ತೀವಿ’ ಅಂತ ಬರೆದಿಡೋ ಮಿತಿ ಅದು. ತೂಕ ನೂರಕ್ಕೆ 20ರಷ್ಟು ಇಳಿದ್ರೆ ಅಂತ ಬಹಳ ಕಡೆ ಇಟ್ಕೊಂಡಿರ್ತಾರೆ. ನಿಲ್ಲಿಸೋದು ಅಂದ್ರೆ ಕೊಲ್ಲೋದೇ ಅಂತಲ್ಲ, ನೋವಿನ ಔಷಧಿ ಕೊಡ್ಬಹುದು, ಪ್ರಯೋಗದಿಂದ ಹೊರಗೆ ತೆಗೀಬಹುದು, ಏನೂ ಆಗಲ್ಲ ಅಂದಾಗ ಮಾತ್ರ ನೋವಿಲ್ಲದ ಹಾಗೆ ಮುಗಿಸೋದು.

ಇನ್ನು ‘ಮಾನವೀಯ’. ಪೇಪರ್‌ನಲ್ಲಿ ‘ಮಾನವೀಯ ನೆಲೆಯಲ್ಲಿ ಪರಿಹಾರ’ ಅಂತ ಬರುತ್ತಲ್ಲ, ಅಟೆಂಡರ್‌ಗಳಿಗೆ ಆ ಪದ ಅಲ್ಲಿಂದ ಗೊತ್ತು. ಇಲಿ ಪಂಜರದ ಮುಂದೆ ನಿಂತಾಗ ಏನು ಮಾಡ್ಬೇಕು ಅಂತ ಅದು ಹೇಳಲ್ಲ.

ಕೊಲ್ಲೋದರ ಪದಗಳ ಕಥೆ ಇನ್ನೂ ಕಷ್ಟದ್ದು. ಲ್ಯಾಬಿನ ಹುಡುಗರು ‘ಸ್ಯಾಕ್ರಿಫೈಸ್ ಮಾಡಿದ್ವಿ’ ಅಂತಾರೆ. ಅದನ್ನ ‘ಬಲಿ ಕೊಟ್ವಿ’ ಅಂತ ಬರೆದ್ರೆ ಮಾರಮ್ಮನ ಹಬ್ಬ ಕಣ್ಮುಂದೆ ಬರುತ್ತೆ, ಅಲ್ಲಿ ದೇವರಿಗೆ ಕೊಟ್ಟ ಹಾಗಾಯ್ತು, ಇಲ್ಲಿ ಯಾರಿಗೆ? ‘ದಯಾಮರಣ’ ಚೆನ್ನಾಗಿ ಕೇಳುತ್ತೆ, ಆದ್ರೆ ನಮ್ಮಲ್ಲಿ ದಯಾಮರಣ ‘ಕೋರ್ತಾರೆ’, ರಾಷ್ಟ್ರಪತಿಗೆ ಅರ್ಜಿ ಹಾಕ್ತಾರೆ. ಇಲಿ ಏನನ್ನೂ ಕೋರಿಲ್ಲ. ಜೊತೆಗೆ ‘ಮರಣ’ ಅಂದ್ರೆ ತಾನಾಗೇ ಬಂದ ಹಾಗಿದೆ, ಮಾಡಿದವರು ಕಾಣಲ್ಲ. ನನ್ನ ಮನಸ್ಸಿಗೆ ‘ನೋವಿಲ್ಲದೆ ಕೊಲ್ಲುವುದು’ ಅಂತ ನೇರವಾಗಿ ಬರೆಯೋದೇ ಸರಿ, ಆ ಜೀವ ತೆಗೆಯೋ ನಮಗೆ ಅದು ಗೊತ್ತಿರ್ಬೇಕು.

ಎಲ್ಲಾ ಕಡೆ ಕಷ್ಟ ಆಗ್ಲಿಲ್ಲ, ಕೆಲವು ಪದ ಕನ್ನಡದಲ್ಲಿ ತಾವಾಗೇ ಬಂದವು. ಇಲಿನ ಬಾಲ ಹಿಡಿದು ಎತ್ತಿದ್ರೆ ಅದಕ್ಕೆ ವಿಪರೀತ ಭಯ, ಕೊಳವೆಯೊಳಗೆ ಹತ್ತಿಸ್ಕೊಂಡೋ ಅಂಗೈಗಳ ನಡುವೆ ತಗೊಂಡೋ ಎತ್ತಿದ್ರೆ ಭಯ ಕಮ್ಮಿ ಅಂತ 2010ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದವರು ತೋರಿಸಿದ್ರು. ಅದನ್ನ ‘ಬೊಗಸೆಯಲ್ಲಿ ಎತ್ತಿ’ ಅಂತ ಬರೆದೆ, ಯಾರೂ ಅರ್ಥ ಕೇಳ್ಲಿಲ್ಲ, ಮಾರನೇ ದಿನದಿಂದ ಬೊಗಸೆಯಲ್ಲೇ ಎತ್ತಿದ್ರು. ಅದೇ ವರ್ಷ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ‘ಮೌಸ್ ಗ್ರಿಮೇಸ್ ಸ್ಕೇಲ್’ ಮಾಡಿದ್ರು, ಕಣ್ಣು, ಮೂಗು, ಕೆನ್ನೆ, ಕಿವಿ, ಮೀಸೆ ಈ ಐದನ್ನ ನೋಡಿ ಒಂದೊಂದಕ್ಕೂ 0, 1, 2 ಅಂತ ಅಂಕ ಹಾಕಿ ನೋವು ಎಷ್ಟು ಅಂತ ಅಂದಾಜು ಮಾಡೋದು. ಗ್ರಿಮೇಸ್‌ಗೆ ನಾನು ‘ಮುಖ ಸಿಂಡರಿಸುವುದು’ ಅಂದಿದ್ದೆ, ನಮ್ಮ ಅಟೆಂಡರ್ ತಿದ್ದಿದ್ರು, ‘ಸಿಂಡರ್ಸೋದು ಇಷ್ಟ ಇಲ್ದಾಗ ಮೇಡಂ, ನೋವಾದ್ರೆ ಮುಖ ಹಿಂಡ್ತದೆ.’ ಈಗ ಅಳತೆಪಟ್ಟಿ ಮೇಲೆ ‘ಮುಖ ಹಿಂಡುವುದು’ ಅಂತಲೇ ಇದೆ. (ಉತ್ತರ ಕರ್ನಾಟಕದವರು, ಕರಾವಳಿಯವರು ಇದಕ್ಕೆ ಏನಂತಾರೆ ಅಂತ ತಿಳ್ಕೊಳ್ಳೋ ಆಸೆ ಇದೆ.)

ಈಗ ಎಂಡ್‌ಪಾಯಿಂಟ್‌ಗೆ ನನ್ನ ಹತ್ರ ಎರಡು ಪದ ಇವೆ. ‘ನೋವಿನ ಎಲ್ಲೆ’ ಒಂದು. ತೊಡಕು ಏನಂದ್ರೆ ‘ಎಲ್ಲೆ’ ಅಂದ ಕೂಡ್ಲೇ ಬಾಯಿಗೆ ಬರೋದು ‘ಮೀರು’, ಎಲ್ಲೆ ಮೀರಿದ ಮೇಲೆ ಹೇಳೋಣ ಅಂತ ಮತ್ತೆ ಕಾಯ್ತಾರೇನೋ ಅಂತ ಹೆದರಿಕೆ, ನಮಗೆ ಬೇಕಾಗಿರೋದು ಮುಟ್ಟಿದಾಗಲೇ. ಇನ್ನೊಂದು ನಮ್ಮ ಅಟೆಂಡರ್ ಮಾತಿಂದಲೇ ಬಂದಿದ್ದು. ಈಗೆಲ್ಲ ಇಲಿ ಮಂಕಾಗಿದ್ರೆ ಅವರು ಫೋನ್ ಮಾಡಿ ‘ಇದಕ್ಕೆ ಸಾಕು ಮೇಡಂ, ಬನ್ನಿ’ ಅಂತಾರೆ. ಅದರಿಂದ ‘ಸಾಕುಗೆರೆ’ ಅಂತ ಮಾಡ್ದೆ. ಆದ್ರೆ ‘ಸಾಕುಪ್ರಾಣಿ’, ‘ಸಾಕುತಾಯಿ’ ಇರೋದ್ರಿಂದ ಓದಿದ ತಕ್ಷಣ ಸಾಕೋದರ ಅರ್ಥ ಬರುತ್ತಾ, ಇಲ್ಲ ‘ಇನ್ನು ಸಾಕು’ ಅನ್ನೋದೇ ಬರುತ್ತಾ? ‘ಸಾಕುಗೆರೆ ಮುಟ್ಟಿದ ಕೂಡಲೇ ಫೋನ್ ಮಾಡಿ’ ಅಂತ ಬರೆದ್ರೆ ನಿಮಗೆ ಮೊದಲು ಏನು ಅರ್ಥ ಆಯ್ತು, ಯೋಚಿಸೋಕೆ ಮುಂಚೆ ಹೊಳೆದಿದ್ದನ್ನೇ ಬರೀರಿ. ಇದಕ್ಕಿಂತ ಒಳ್ಳೇದಿದ್ರೆ ದಯವಿಟ್ಟು ಹೇಳಿ, ಹೊಸ ಚಾರ್ಟ್ ಲ್ಯಾಮಿನೇಷನ್‌ಗೆ ಸೋಮವಾರ ಕೊಡ್ಬೇಕು.