ಸಮಸ್ಯೆ: ಕತ್ತಲೆ ಹೆತ್ತಿತು ಬೆಳಕನ್ನು

ಧಾರವಾಡ: ಶರಷಟ್ಪದಿಯ (ನಾಕು ಮಾತ್ರೆಯ ಗಣದ ಆರು ಸಾಲಿನ ಪದ್ಯ) ಕೊನೇ ಸಾಲು ಕೊಟ್ಟೀನ್ರಿ, ಉಳಿದ ಐದು ಸಾಲು ಬ್ಯಾರೆ ಬ್ಯಾರೆ ಊರಿನ ಗೆಳೆಯರು ನೀವು ತುಂಬ್ರಿ. ಪ್ರಾಸ, ಅಂದ್ರ ಪ್ರತಿ ಸಾಲಿನ ಎರಡನೇ ಅಕ್ಷರ, ‘ತ್ತ’. ವಿಷಯ: ತಿರುಗುವ ಕಪ್ಪುಕುಳಿ (ಬೆಳಕನ್ನೂ ಬಿಡದ ಬ್ಲ್ಯಾಕ್ ಹೋಲ್), ಗಾಮಾ ಸ್ಫೋಟ (ಗಾಮಾ ಕಿರಣದ ಕ್ಷಣದ ಮಿಂಚು), ಸೂಪರ್ನೋವಾ (ದೊಡ್ಡ ತಾರೆ ಸಿಡಿದು ಸಾಯೂದು). ‘ಕೃಷ್ಣರಂಧ್ರ’ ತುರುಕಬ್ಯಾಡ್ರಿ, ಮೂರು ಮೂರು ಮಾತ್ರೆ ಆಗಿ ನಾಕರ ಗಣ ಒಡೀತದ. ‘ಕುಳಿ’ ಸಾಕು.

ಹುಬ್ಬಳ್ಳಿ:
ಸತ್ತಿತು ತಾರೆಯು,
ಸುತ್ತುವ ಕುಳಿಯಲಿ
ಬತ್ತದ ತಿರುಗಣಿ ಬಲವಿತ್ತು;
ನೆತ್ತಿಯ ಸೀಳುತ
ಹೊತ್ತಿತು ಧಾರೆಯು,
ಕತ್ತಲೆ ಹೆತ್ತಿತು ಬೆಳಕನ್ನು!

ಗದಗ: ‘ನೆತ್ತಿಯ ಸೀಳುತ’ ಭೇಷ್! ಧಾರೆ, ಅಂದ್ರ ಗಾಮಾ ಸ್ಫೋಟ ಮಾಡೂ ಕಿರಿದಾದ ಕಾರಂಜಿ (ಜೆಟ್), ಹೊರಡೂದು ಧ್ರುವದ ಕಡೆಯಿಂದನ, ಅಗಲ ಕೆಲವೇ ಡಿಗ್ರಿ. ಆದ್ರ ‘ಬತ್ತದ’ ಒಪ್ಪೂದಿಲ್ರಿ. ಎಷ್ಟ ಜೋರು ತಿರುಗಿದ್ರೂ ಕುಳಿಯ ದ್ರವ್ಯಶಕ್ತಿಯೊಳಗ (mc²) ಹೆಚ್ಚಂದ್ರ 29% ಅಷ್ಟ ತಿರುಗಣಿಯಿಂದ ತಗೀಲಿಕ್ಕೆ ಬರ್ತದ. ಸೂರ್ಯನ ಮೂರುಪಟ್ಟು ತೂಕದ ಕುಳಿಗೆ ಅದು ಸುಮಾರು 1.6×10⁴⁷ ಜೂಲ್. ಸಾದಾ ಸೂಪರ್ನೋವಾದ ಸ್ಫೋಟಕ್ಕ 10⁴⁴ ಸಾಕು, ಅಂದ್ರ ಭಂಡಾರ ದೊಡ್ಡದು ಖರೆ, ಆದ್ರ ಮುಗಿಯೂದ. ‘ಬತ್ತುವ’ ಅನ್ರಿ, ಮಾತ್ರೆನೂ ಕೆಡೂದಿಲ್ಲ.

ಹಾವೇರಿ: ನಂದು ಅರ್ಧಾ ಆಗೇದ:
ಎತ್ತರ ತಾರೆಯ
ಸುತ್ತಲು ಕವಿದಿದೆ
ಮೆತ್ತನೆ ಜಲಜನಕದ ಹೊದಿಕೆ;

ಗದಗ: ಅಕ್ಕಾರ, ಛಂದಸ್ಸು ಸರಿ, ಧಾರೆ ಸಿಕ್ಕೊಂಡು ಸಾಯ್ತದ! ಹೊದಿಕೆ ಇದ್ದ ಕೆಂಪು ಮಹಾದೈತ್ಯ ತಾರೆ ಸೂರ್ಯನ ನೂರಾರು ಪಟ್ಟು ಅಗಲ. ಬೆಳಕಿಗೇ ದಾಟಲಿಕ್ಕೆ ಹತ್ತಾರು ನಿಮಿಷ ಬೇಕು, ಧಾರೆ ತಳ್ಳೂ ಎಂಜಿನ್ (ನಡುವಿನ ಕುಳಿ) ನಡಿಯೂದು ಹತ್ತಾರು ಸೆಕೆಂಡು. ಹೊದಿಕೆ ಕಳಕೊಂಡ ತಾರೆ ಸಣ್ಣದು, ಸುಮಾರು ಹತ್ತು ಸೆಕೆಂಡಿನ್ಯಾಗ ಧಾರೆ ಪಾರು. ಅದಕ್ಕ ಉದ್ದ (ಎರಡು ಸೆಕೆಂಡು ಮೀರಿದ) ಗಾಮಾ ಸ್ಫೋಟದ ಜೋಡಿ ಕಾಣೂ ಸೂಪರ್ನೋವಾದ ಬೆಳಕಿನ ರೋಹಿತದಾಗ ಜಲಜನಕದ ಗೆರಿ ಇರೂದಿಲ್ಲ. 2003ರ ಮಾರ್ಚ್ 29ರ ಸ್ಫೋಟದಾಗೂ ಇದ್ದಿಲ್ಲ. ‘ಕಿತ್ತಿರೆ ಜಲಜನಕದ ಹೊದಿಕೆ’ ಮಾಡ್ರಿ.

ಹಾವೇರಿ: ಹೊದಿಕೆ ಕೀಳೂದು ತಾರೆಯ ಗಾಳಿ, ಅಂದ್ರ ಮೈಯಿಂದ ಹೊರಗ ಹರಿಯೂ ಅನಿಲ, ಅಲ್ಲೇನ್ರಿ? ಅದು ತಿರುಗಣಿನೂ ಒಯ್ತದಲ್ಲ.

ಗದಗ: ಅಲ್ಲೇ ತೊಡಕು. ಲೋಹಾಂಶ (ಹೀಲಿಯಂಗಿಂತ ಭಾರದ ಧಾತು) ಕಡಿಮಿ ಇದ್ರ ಗಾಳಿ ಕ್ಷೀಣ, ತಿರುಗಣಿ ಉಳೀತದ. ಇನ್ನ ‘ಹೆತ್ತಿತು’ ಅಂದ್ರೂ ಬೆಳಕು ಕುಳಿಯ ಒಳಗಿಂದಲ್ಲ. ಕುಳಿ ತನ್ನ ಹೊರಗಿನ ಜಾಗಾನೂ ಎಳಕೊಂಡು ತಿರುಗತದ. ಅಲ್ಲಿ ಕಾಂತರೇಖೆ ತಿರುಚಿಕೊಂಡು ಶಕ್ತಿ ಹೊರಗ ಸಾಗಸ್ತಾವ. 1977ರಾಗ ಬ್ಲಾಂಡ್‌ಫೋರ್ಡ್, ಝ್ನಾಯೆಕ್ ಇದರ ಲೆಕ್ಕಾ ಹಾಕಿದ್ರು. ನನ್ನ ಪೂರಣ (‘ತಟ್ಟೆ’ ಅಂದ್ರ ಕುಳಿ ಸುತ್ತ ಸುತ್ತೂ ಅನಿಲದ ಬಿಲ್ಲೆ):
ಸುತ್ತಲ ತಟ್ಟೆಯು
ಹೊತ್ತಿಹ ಕಾಂತದ
ಮುತ್ತಿದ ಗೆರೆಗಳು ಬಿಗಿಯುತ್ತ
ಎತ್ತಲು ಕುಳಿಯಿಂ
ಸುತ್ತಿನ ಶಕ್ತಿಯ,
ಕತ್ತಲೆ ಹೆತ್ತಿತು ಬೆಳಕನ್ನು!

ಧಾರವಾಡ: ಅಡ್ಡಿಯಿಲ್ಲ. ಆದ್ರ ಎಲ್ಲಾರೂ ಧಾರೆ ಹಿಂದ ಬಿದ್ದೀರಿ, ಸೂಪರ್ನೋವಾ ಬಿಟ್ಟೀರಿ. ವಾರಗಟ್ಟಲೆ ಕಾಣೂ ಆ ಬೆಳಕು ನಿಕ್ಕೆಲ್-56 ಕ್ಷಯ ಆಗೂದರಿಂದ ಬರೂದು. ‘ನಿಕ್ಕೆಲ್’ ಎರಡು ಗುರು, ಗಣಕ್ಕ ಹೊಂದತದ. ಸಾಲಿನ ಮೊದಲಿಗೆ ಮಾತ್ರ ಇಡಬ್ಯಾಡ್ರಿ, ಪ್ರಾಸ ‘ಕ್ಕ’ ಆಗಿಬಿಡತದ.