ಡೈವಿಂಗ್‌ಗೆ ‘ಮುಳುಗು’ ಬೇಡ ಅಂದರೆ ಮತ್ತೇನು?

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಒಂದು ಪ್ರಶ್ನೆ. ಒಂದೇ ಅಂದುಕೊಂಡು ಬರೆಯಲು ಕೂತೆ, ಬಾಲ ಬೆಳೆಯುತ್ತಾ ಹೋಯಿತು.

ಇಲ್ಲಿಯ ಕೆಲವು ಕಾಲೇಜು ಹುಡುಗ ಹುಡುಗಿಯರು ಸ್ಕೂಬಾ ಕಲಿಯಲು ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ಹೊರಟಿದ್ದಾರೆ. 2018ರವರೆಗೆ ಹ್ಯಾವ್‌ಲಾಕ್ ಅಂತಿತ್ತಲ್ಲ, ಅದೇ. ಕಲಿತ ಮೇಲೆ ಹವಳ ಉಳಿಸುವ ಕೆಲಸಕ್ಕೂ ಕೈಜೋಡಿಸುವ ಆಸೆ. ಅವರಿಗೂ, ಅವರಿಗಿಂತ ಜಾಸ್ತಿ ಗಾಬರಿಯಲ್ಲಿರುವ ಅಪ್ಪ ಅಮ್ಮಂದಿರಿಗೂ ಓದಲು ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡಿ ಅಂತ ನನ್ನ ಕೊರಳಿಗೆ ಕಟ್ಟಿದ್ದಾರೆ. ‘ಸ್ಕೂಬಾ’ ಹಾಗೇ ಇರಲಿ. ಅದು ಇಂಗ್ಲಿಷಿನ ಐದು ಪದಗಳ ಮೊದಲಕ್ಷರ ಜೋಡಿಸಿ ಮಾಡಿದ್ದು. ಉಸಿರಾಟದ ಸಾಮಾನನ್ನು ತಾನೇ ಹೊತ್ತುಕೊಂಡು ನೀರೊಳಗೆ ಹೋಗುವುದು ಅಂತ ಅರ್ಥ. ತೊಡಕಿರುವುದು ‘ಡೈವ್’ನಲ್ಲಿ.

‘ಮುಳುಗು’ ಅಂತ ಬರೆದೆ. ಹುಡುಗಿಯೊಬ್ಬಳ ತಾಯಿ ಓದಿ, “ಹದಿನೆಂಟು ಮೀಟರ್ ಮುಣಗತಾರಂದ್ರ ಏನ್ರೀ ಇದು?” ಅಂದರು. ಅವರ ಮಾತು ನ್ಯಾಯವಾಗಿದೆ. ಮೊದಲ ಹಂತದ ಕೋರ್ಸಿನಲ್ಲಿ 18 ಮೀಟರ್ ಆಳದ ಮಿತಿ ಇರುವುದು ನಿಜ. ಆದರೆ ನಮ್ಮ ಕಡೆ ಮುಳುಗು, ಅಂದರೆ ಮುಣುಗು, ಒಳ್ಳೆಯ ಸುದ್ದಿಗೆ ಬರುವುದೇ ಇಲ್ಲ. ಸಾಲದಲ್ಲಿ ಮುಣುಗಿದ, ಮನೆ ಮುಣುಗಿತು, ಬೆಳೆ ಮುಣುಗಿತು. ಪತ್ರಿಕೆಯಲ್ಲಿ ‘ಮುಳುಗು ತಜ್ಞರು’ ಅಂತ ಬಂದರೆ ಕೆರೆಯಲ್ಲೋ ಕಾಲುವೆಯಲ್ಲೋ ಶವ ಹುಡುಕುತ್ತಿದ್ದಾರೆ ಅಂತಲೇ ತಿಳಿಯಬೇಕು. ಹೊಳೆಯಲ್ಲಿ ‘ಮುಳುಗು ಹಾಕುವುದು’ ಒಂದೇ ಶುಭ. ಅದು ಮೂಗು ಹಿಡಿದು ಎದ್ದರೆ ಮುಗಿಯಿತು.

ನನಗೆ ಸರಿ ಕಂಡದ್ದು ‘ಇಳಿ’. ಬಾವಿಗೆ ಬಿದ್ದ ಕೊಡ ಪಾತಾಳಗರಡಿಗೆ ಸಿಗದಿದ್ದರೆ ಯಾರಾದರೂ ಬಾವಿಗೆ ‘ಇಳಿಯುತ್ತಿದ್ದರು’. ಮುಳುಗಿದವನ ಬಗ್ಗೆ ಭರವಸೆ ಇಲ್ಲ. ಇಳಿದವನು ಏರಿ ಬರುತ್ತಾನೆ. ಡೈವಿಂಗ್ ಕಲಿಸುವವರು ಒತ್ತಿ ಹೇಳುವುದೂ ಇದನ್ನೇ ಅಲ್ವಾ? ನಿಧಾನ ಇಳಿ, ಅದಕ್ಕಿಂತ ನಿಧಾನ ಏರು. ಏರುವಾಗ 5 ಮೀಟರ್ ಹತ್ತಿರ ಮೂರು ನಿಮಿಷ ನಿಂತು ಬಾ. ಕ್ರಿಯಾಪದ ಸಿಕ್ಕಿತು, ನಾಮಪದ ಕೈಕೊಟ್ಟಿತು. ‘ಮೊದಲ ಇಳಿತ, ಎರಡನೇ ಇಳಿತ’ ಅಂತ ಬರೆಯೋಣ ಅಂದರೆ, ಸಮುದ್ರದ ಮಾತಿನಲ್ಲಿ ಇಳಿತಕ್ಕೆ ಆಗಲೇ ಬೇರೆ ಅರ್ಥ ಇದೆ. ಉಬ್ಬರ ಇಳಿತದ ಇಳಿತ. ದೋಣಿಯವರು ‘ಇಳಿತದ ಹೊತ್ತಿಗೆ ಇಳಿತ ಬೇಡ’ ಅಂದರೆ ಹುಡುಗರು ಏನು ಮಾಡಬೇಕು? ನಿಮ್ಮಲ್ಲಿ ಯಾರಿಗಾದರೂ ಬೇರೆ ರೂಪ ಹೊಳೆದರೆ ಹೇಳಿ.

ಇದಕ್ಕಿಂತ ಅಪಾಯದ್ದು ‘ದಮ್ ಹಿಡಿ’. ಬಾವಿಯಲ್ಲಿ ಈಸು ಕಲಿತ ನಮ್ಮವರಿಗೆ ದಮ್ ಹಿಡಿಯುವುದೇ ಗಂಡಸುತನ. ಯಾರು ಜಾಸ್ತಿ ಹೊತ್ತು ಕೆಳಗಿರುತ್ತಾರೆ ಅನ್ನುವ ಪಂದ್ಯ ಬೇರೆ. ಸ್ಕೂಬಾದಲ್ಲಿ ಮೊದಲ ನಿಯಮ ಇದರ ತದ್ವಿರುದ್ಧ: ಉಸಿರು ಎಂದೂ ಹಿಡಿಯಬಾರದು. 10 ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡರಷ್ಟು. ಅಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಬಾಯಿ ಬಿಗಿದುಕೊಂಡು ಏರಿದರೆ ಶ್ವಾಸಕೋಶವೇ ಹರಿಯಬಹುದು. ತೊಡಕೇನೆಂದರೆ ಹುಬ್ಬಳ್ಳಿ ಧಾರವಾಡದಲ್ಲಿ ‘ಸ್ವಲ್ಪ ದಮ್ ಹಿಡೀರಿ’ ಅಂದರೆ ‘ತಡೀರಿ, ಗಡಿಬಿಡಿ ಬೇಡ’ ಅಂತಲೂ ಆಗುತ್ತದೆ. ‘ಗಾಬರಿಯಾದರೆ ದಮ್ ಹಿಡಿಯಿರಿ’ ಅಂತ ಯಾರಾದರೂ ಒಳ್ಳೆಯ ಮನಸ್ಸಿನಿಂದ ಬರೆದರೆ ಜೀವಕ್ಕೇ ಕುತ್ತು. ಕೈಪಿಡಿಯಲ್ಲಿ ಆ ಮಾತನ್ನೇ ತೆಗೆದು ‘ಉಸಿರು ಆಡುತ್ತಲೇ ಇರಲಿ’ ಅಂತ ಹಾಕಿದ್ದೇನೆ. ಇದರಲ್ಲಿ ನನಗೆ ಅನುಮಾನ ಇಲ್ಲ, ಚರ್ಚೆಯೂ ಬೇಡ.

ಇನ್ನೊಂದಕ್ಕೆ ಪದವೇ ಸಿಗುತ್ತಿಲ್ಲ. ತೇಲುವುದೂ ಅಲ್ಲ, ಮುಳುಗುವುದೂ ಅಲ್ಲ, ಇದ್ದಲ್ಲೇ ನಿಲ್ಲುವುದು. ಜಾಕೆಟ್ಟಿಗೆ ಒಂದಿಷ್ಟು ಗಾಳಿ ಬಿಟ್ಟು, ಸೊಂಟದ ಸೀಸದ ತೂಕಕ್ಕೆ ಸರಿದೂಗಿಸಿ, ಉಸಿರೆಳೆದರೆ ಗೇಣು ಮೇಲೆ, ಬಿಟ್ಟರೆ ಗೇಣು ಕೆಳಗೆ. ವಿಜ್ಞಾನದ ಪುಸ್ತಕದ ‘ಪ್ಲವನತೆ’ ಹುಡುಗರ ನಾಲಿಗೆಗೆ ಹತ್ತುವುದಿಲ್ಲ. ‘ನಡುನೀರಿನಲ್ಲಿ ನಿಲ್ಲು’ ಅಂದೆ. ನಡುನೀರಲ್ಲಿ ಕೈಬಿಟ್ಟರಂತೆ ಅಂತ ಎಲ್ಲರೂ ನಕ್ಕರು. ಸದ್ಯಕ್ಕೆ ‘ಹದಕ್ಕೆ ಬಾ’ ಅಂತ ಇಟ್ಟಿದ್ದೇನೆ. ‘ನೀರಿನಲ್ಲಿ ಹದ ಸಿಕ್ಕಿತಾ?’ ಅಂತ ಕೇಳಿದರೆ ರೈತರ ಮಕ್ಕಳಿಗೆ ತಟ್ಟನೆ ತಿಳಿಯುತ್ತದೆ. ಹವಳದ ಮಟ್ಟಿಗೂ ಇದು ಸಣ್ಣ ಮಾತಲ್ಲ. ಹದ ತಪ್ಪಿದವನು ಕಾಲಿಗೆ ತೊಟ್ಟ ಈಜುರೆಕ್ಕೆ ಬಡಿದು ಎಷ್ಟೋ ವರ್ಷ ಬೆಳೆದ ಕೊಂಬೆ ಮುರಿಯುತ್ತದೆ. ಎದ್ದ ಮರಳು ಉಳಿದದ್ದರ ಮೇಲೆ ಕೂರುತ್ತದೆ. ಹದ ಬಾರದೆ ಹವಳದ ಕೆಲಸಕ್ಕೆ ಹೋದವರಿಂದ ಉಪಕಾರಕ್ಕಿಂತ ಅಪಕಾರವೇ ಜಾಸ್ತಿ.

ಹವಳ ಬಣ್ಣ ಕಳೆದುಕೊಳ್ಳುವ ‘ಬ್ಲೀಚಿಂಗ್’ಗೆ ಮಾತ್ರ ಕನ್ನಡ ಇಂಗ್ಲಿಷಿಗಿಂತ ಒಂದು ಕೈ ಮೇಲು ಅಂತ ನನ್ನ ಅಭಿಪ್ರಾಯ. ಬ್ಲೀಚಿಂಗ್ ಅಂದರೆ ನಮ್ಮ ಓಣಿಯವರಿಗೆ ಗಟಾರಕ್ಕೆ ಹಾಕುವ ಪೌಡರ್. ‘ಸಮುದ್ರಕ್ಕೂ ಹಾಕ್ತಾರೇನ್ರಿ?’ ಅಂತ ಒಬ್ಬರು ಕೇಳಿದರು. ‘ಬಿಳಿಚಿಕೊಳ್ಳು’ ಅಂದುಬಿಡಿ, ಸುಮ್ನೆ ಅರ್ಥವಾಗುತ್ತದೆ. ಜ್ವರ ಬಂದವರ ಮುಖ ಬಿಳಿಚಿಕೊಳ್ಳುತ್ತದೆ, ಹೆದರಿದವರ ಮುಖವೂ. ಆದರೆ ಜೀವ ಇರುತ್ತದೆ. ಹವಳದಲ್ಲೂ ಅಷ್ಟೇ. ಅದರ ಮೈಯೊಳಗೆ ಇರುವ ಸೂಕ್ಷ್ಮ ಪಾಚಿಯೇ ಬಣ್ಣವನ್ನೂ ಬಹುಪಾಲು ಆಹಾರವನ್ನೂ ಕೊಡುವುದು. ನೀರು ವಾರಗಟ್ಟಲೆ ಅತಿಯಾಗಿ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳಬಹುದು, ಇಲ್ಲವಾದರೆ ಸಾಯುತ್ತದೆ. 1998, 2010, 2016ರಲ್ಲಿ ನಮ್ಮ ಲಕ್ಷದ್ವೀಪದಲ್ಲೂ ಹೀಗಾಯಿತು, 2024ರಲ್ಲಿ ಮತ್ತೆ ಆಯಿತು. ಕೆಲವರು ‘ಬಿಳುಪಾಗುವಿಕೆ’ ಅಂತ ಬರೆಯುತ್ತಾರೆ. ಅದು ಒಗೆದ ಧೋತರದ ಮಾತು. ದಯವಿಟ್ಟು ಬೇಡ.

ಕೊನೆಗೆ ‘ರೀಫ್’. ಶಾಲೆಯಲ್ಲಿ ‘ಹವಳದ ದಿಬ್ಬ’ ಅಂತ ಓದಿದ್ದೇವೆ. ದಿಬ್ಬ ಅಂದರೆ ಹತ್ತಿ ನಿಲ್ಲುವ ಜಾಗ. ಇಲ್ಲಿ ಹತ್ತಿ ನಿಲ್ಲಬಾರದು ಅನ್ನುವುದೇ ಪಾಠ! ಹಾವೇರಿಯ ಗೆಳೆಯರೊಬ್ಬರು ‘ಹವಳಗೇರಿ’ ಸೂಚಿಸಿದರು. ಹಾವುಗಳ ಕೇರಿಯೇ ಹಾವೇರಿ ಆಯಿತು ಅನ್ನುವ ಊರಿನವರಲ್ವಾ, ಕೇರಿ ಬಿಟ್ಟು ಯೋಚಿಸುವುದಿಲ್ಲ. ಆದರೂ ಸೂಚನೆ ಚೆನ್ನಾಗಿದೆ. ಸಾವಿರಾರು ಪುಟ್ಟ ಜೀವಿಗಳು ಗೋಡೆಗೆ ಗೋಡೆ ತಾಗಿಸಿ ಸುಣ್ಣದ ಮನೆ ಕಟ್ಟಿಕೊಂಡಿರುವುದಕ್ಕೆ ಕೇರಿ ಅನ್ನಬಹುದು. ‘ಹವಳ’ ಅಂದರೆ ಕೆಂಪು ಮಣಿ ಅನ್ನುವ ಗೊಂದಲವೂ ಇದೆ. ತಾಳಿಯಲ್ಲಿ ಪೋಣಿಸುವ, ಕುಜನಿಗೆಂದು ಉಂಗುರದಲ್ಲಿ ಕೂರಿಸುವ ಕೆಂಪು ಹವಳ ರೋಮನ್ನರ ಕಾಲದಿಂದ ಮೆಡಿಟರೇನಿಯನ್ ಸಮುದ್ರದಿಂದ ಬರುತ್ತಿದ್ದದ್ದು. ಅದು ಇಂಥ ಕೇರಿ ಕಟ್ಟುವ ಜಾತಿಯೇ ಅಲ್ಲ. ಈ ಎರಡು ಸಾಲು ಕೈಪಿಡಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಮನೆಯವರು ‘ಬರುವಾಗ ಒಂದು ಹವಳ ತಾ’ ಅನ್ನುತ್ತಾರೆ. ನಮ್ಮ ದೇಶದ ಕಡಲಿನ ಹವಳಗಳು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿಯ ಜೊತೆಗೇ ಇವೆ. ಮುರಿದು ಬಿದ್ದ ತುಂಡನ್ನೂ ಚೀಲಕ್ಕೆ ಹಾಕುವಂತಿಲ್ಲ.

ಹವಳದ ತುಂಡು ಕಟ್ಟಿ ಬೆಳೆಸುವ ಚೌಕಟ್ಟುಗಳಿಗೆ ‘ಹವಳದ ಮಡಿ’ ಅಂತ ಇಟ್ಟಿದ್ದೇನೆ. ಬ್ಯಾಡಗಿ ಕಡೆ ಮೆಣಸಿನ ಸಸಿಗೆ ಮಾಡುವ ಮಡಿಯ ಅರ್ಥದಲ್ಲಿ. ಮಡಿ ಅಂದಮೇಲೆ ಮುಟ್ಟಬಾರದು ಅನ್ನುವುದನ್ನೂ ಬೇರೆ ಹೇಳಬೇಕಿಲ್ಲ.

ನನ್ನ ನಿಜವಾದ ಆಸೆ ಕರಾವಳಿಯವರ ಉತ್ತರಕ್ಕೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಸುತ್ತ ಹವಳ ಇದೆ. ಭಟ್ಕಳ, ಮುರ್ಡೇಶ್ವರದ ಮೀನುಗಾರರು ಅಲ್ಲಿ ಬಲೆ ಸಿಕ್ಕಿಕೊಳ್ಳುವ ಜಾಗಕ್ಕೆ ಏನನ್ನುತ್ತಾರೆ? ತಮಿಳರು ಮನ್ನಾರ್ ಕೊಲ್ಲಿಯ ಮುತ್ತಿನ ನೆಲೆಗಳಿಗೆ ‘ಪಾರ್’ ಅನ್ನುತ್ತಾರೆ. ಹಾಗೆ ಕೊಂಕಣಿಯಲ್ಲೋ ಕರಾವಳಿಯ ಕನ್ನಡದಲ್ಲೋ ಬಳಕೆಯ ಮಾತು ಇದ್ದರೆ, ನಾನು ಕೂತು ಕಟ್ಟಿದ ಹವಳಗೇರಿಯನ್ನು ಸಂತೋಷವಾಗಿ ಬಿಡುತ್ತೇನೆ. ನೀರಿಗೆ ಇಳಿದು ಚಿಪ್ಪು ತೆಗೆಯುವವರಿಗೆ ಅಲ್ಲಿ ಬೇರೆ ಹೆಸರಿದೆಯೇ ಅನ್ನುವುದನ್ನೂ ತಿಳಿಸಿ. ಹುಡುಗರು ಹೊರಡುವ ಮೊದಲು ಅಚ್ಚಿಗೆ ಕೊಡಬೇಕು.